ಬೆಳಕಿನಿಂದ ದ್ರವ್ಯದ ಉತ್ಪತ್ತಿಯೂ ಶಕ್ತಿಸಂರಕ್ಷಣ ನಿಯಮವೂ

ಕಾರ್ಯವು ಹುಟ್ಟುವುದಕ್ಕೆ ಮುಂಚೆ ಕಾರಣದಲ್ಲಿ ಇದ್ದಿತೋ ಇಲ್ಲವೋ ಎಂಬ ಪ್ರಶ್ನೆಯನ್ನು ನಮ್ಮ ದರ್ಶನಕಾರರು ಬಹುಕಾಲ ಚರ್ಚಿಸಿದರು. ಇದ್ದೇ ಇದ್ದಿತೆಂದು ಸಾಂಖ್ಯರು ವಾದಿಸಿದರು. ಇರಲಿಲ್ಲ, ಹೊಸದಾಗಿ ಉಂಟಾಯಿತೆಂದು ನ್ಯಾಯವೈಶೇಷಿಕರು ಸಾಧಿಸಿದರು. ಎಳ್ಳಿನಿಂದ ಎಣ್ಣೆ ಬರುವುದು ಅದರಲ್ಲಿ ಎಣ್ಣೆಯಿರುವುದರಿಂದಲೇ, ಮರಳನ್ನು ಗಾಣಕ್ಕೆ ಹಾಕಿದರೆ ಬಾರದು ಎಂಬುದು ಮೊದಲಿನವರ ದೃಷ್ಟಾಂತ. ವೈಶೇಷಿಕರು ತಾವು ಎಣಿಸಿದ ಒಂಬತ್ತು ದ್ರವ್ಯಗಳಲ್ಲಿ ತೇಜಸ್ಸಿಗೂ ಒಂದು ಸ್ಥಾನವನ್ನು ಕೊಟ್ಟರು. ಇವನ್ನು ಕೇಳಿ ಬಲ್ಲವರಿಗೆ, ಬೆಳಕು ದ್ರವ್ಯವಾಗಿ ಮಾರ್ಪಡುವುದೆಂಬ ಇಂದಿನ ಭೌತಶಾಸ್ತ್ರದ ಮಾತು ಅಷ್ಟೇನೂ ಅಪರಿಚಿತವೆನಿಸದಿರಬಹುದು. ಆದರೆ ಹೆಸರಿನ ಸಾಮ್ಯದಿಂದ ವಸ್ತುವಿನ ಸಾಮ್ಯವು ಸಿದ್ಧವಾಗುವುದಿಲ್ಲ. ದರ್ಶನಕಾರರು ತರ್ಕದಿಂದ ನಿರ್ಣಯಿಸಲು ಯತ್ನಿಸಿದ ವಿಷಯವೇ ಬೇರೆ. ಪಾಶ್ಚಾತ್ಯ ಶಾಸ್ತ್ರಜ್ಞರು ತಕ್ಕಡಿ, ಉಷ್ಣಮಾಪಕ, ಛಾಯಾಚಿತ್ರಗಳಿಂದ ಅಳೆದು ಕಂಡುಕೊಂಡ ವಿಷಯವೇ ಬೇರೆ. ಈ ಅಳತೆಯ ಮಾರ್ಗದಲ್ಲಿ ಶಕ್ತಿಸಂರಕ್ಷಣವೆಂಬ ನಿಯಮವು ಸ್ಥಾಪಿತವಾದುದು ಹೇಗೆ, ಮಹಾಪಂಡಿತರೇ ಅದನ್ನು ಕೈಬಿಡಲು ಸಿದ್ಧರಾದುದು ಏಕೆ, ಬೆಳಕು ದ್ರವ್ಯವಾಗುವ ವಿಚಿತ್ರ ವ್ಯಾಪಾರದಲ್ಲಿ ಆ ನಿಯಮವು ಪರೀಕ್ಷೆಗೆ ನಿಂತುದು ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಶಕ್ತಿಸಂರಕ್ಷಣ ನಿಯಮವು ಒಬ್ಬನಿಂದ ಹೊರಟುದಲ್ಲ. ಜರ್ಮನಿಯ ಹೈಲ್‌ಬ್ರಾನ್ ಪಟ್ಟಣದ ರಾಬರ್ಟ್ ಮೇಯರ್ ಎಂಬ ತರುಣ ವೈದ್ಯನು ೧೮೪೦ರಲ್ಲಿ ಡಚ್ಚರ ಹಡಗಿನ ವೈದ್ಯನಾಗಿ ಜಾವಾ ದ್ವೀಪಕ್ಕೆ ಹೋದನು. ಅಲ್ಲಿ ನಾವಿಕರ ರಕ್ತವನ್ನು ತೆಗೆಯುವಾಗ ಸಿರೆಯ ರಕ್ತವು ತನ್ನ ದೇಶದಲ್ಲಿ ಕಾಣುವುದಕ್ಕಿಂತ ಕೆಂಪಾಗಿರುವುದನ್ನು ಕಂಡನು. ಸೆಕೆಯ ನಾಡಿನಲ್ಲಿ ದೇಹವನ್ನು ಬೆಚ್ಚಗಿಡಲು ಹೆಚ್ಚು ಆಹಾರವು ಉರಿಯಬೇಕಾಗಿಲ್ಲವಾದುದರಿಂದ ರಕ್ತದಲ್ಲಿನ ಪ್ರಾಣವಾಯು ಅಷ್ಟು ವೆಚ್ಚವಾಗದೆ ಉಳಿಯುವುದೆಂದು ಅವನು ಊಹಿಸಿದನು. ಇಷ್ಟರಿಂದಲೇ ಹೊರಟು, ಆಹಾರ, ದೇಹದ ಉಷ್ಣ, ದೇಹವು ಮಾಡುವ ಕೆಲಸ ಇವು ಮೂರೂ ಒಂದೇ ಮೂಲಧನದ ಬೇರೆ ಬೇರೆ ರೂಪಗಳೆಂಬ ನಿರ್ಣಯಕ್ಕೆ ಬಂದನು. ಅವನ ಮೊದಲ ಲೇಖನವನ್ನು ಭೌತಶಾಸ್ತ್ರದ ಪತ್ರಿಕೆಯು ಪ್ರಕಟಿಸಲಿಲ್ಲ. ತಿದ್ದಿ ಬರೆದ ಲೇಖನವು ೧೮೪೨ರಲ್ಲಿ ರಸಾಯನಶಾಸ್ತ್ರದ ಪತ್ರಿಕೆಯೊಂದರಲ್ಲಿ ಬೆಳಕು ಕಂಡಿತು. ಅದನ್ನು ಗಮನಿಸಿದವರು ಕಡಮೆ. ಮನೆಯಲ್ಲಿ ಮಕ್ಕಳ ಮರಣ, ಹೊರಗೆ ಪಂಡಿತರ ಉಪೇಕ್ಷೆ, ಇವೆರಡರಿಂದ ಕುಗ್ಗಿದ ಮೇಯರನು ೧೮೫೦ರಲ್ಲಿ ಪ್ರಾಣವನ್ನು ಕಳೆದುಕೊಳ್ಳಲೆತ್ತಿಸಿ, ಬದುಕಿ, ಕೆಲವು ಕಾಲ ಚಿತ್ತರೋಗಿಗಳ ಆಸ್ಪತ್ರೆಯಲ್ಲಿ ಇರಬೇಕಾಯಿತು. ೧೮೭೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವನಿಗೆ ಕಾಪ್ಲೆ ಪದಕವನ್ನು ಕೊಟ್ಟು ಗೌರವಿಸಿತು. ಆ ವೇಳೆಗೆ ಅವನ ಯೌವನವೆಲ್ಲ ಕಳೆದಿತ್ತು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಿ ಬೀರು ಕಾಯಿಸುವ ಮನೆತನದ ಜೇಮ್ಸ್ ಜೂಲ್ ಎಂಬವನು ನೀರಿನ ಪಾತ್ರೆಯಲ್ಲಿ ರೆಕ್ಕೆಚಕ್ರವನ್ನಿಟ್ಟು, ಇಳಿಯುವ ತೂಕಗಳಿಂದ ಅದನ್ನು ತಿರುಗಿಸಿ, ನೀರು ಎಷ್ಟು ಕಾಯುವುದೆಂದು ಅಳೆದನು. ಒಂದು ಪೌಂಡು ನೀರನ್ನು ಒಂದು ಫಾರೆನ್‌ಹೀಟ್ ಡಿಗ್ರಿಯಷ್ಟು ಕಾಯಿಸಬೇಕಾದರೆ ೭೭೨ ಪೌಂಡು ತೂಕವು ಒಂದು ಅಡಿಯಷ್ಟು ಇಳಿಯಬೇಕೆಂದು ಅವನು ಗೊತ್ತುಮಾಡಿದನು. ೧೮೪೭ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ಪಂಡಿತನು ಈ ತತ್ವವನ್ನು ಯಂತ್ರಶಾಸ್ತ್ರ, ಉಷ್ಣ, ವಿದ್ಯುತ್ತು, ಅಯಸ್ಕಾಂತ ಎಲ್ಲಕ್ಕೂ ಅನ್ವಯಿಸಿ ಗಣಿತದಿಂದ ನಿರೂಪಿಸಿದನು. ಶಕ್ತಿಯು ರೂಪವನ್ನು ಬದಲಿಸಬಹುದು, ಒಟ್ಟು ಮೊತ್ತದಲ್ಲಿ ಹೆಚ್ಚದು, ಕುಗ್ಗದು ಎಂಬುದು ನಿಯಮದ ಸಾರ. ಶಾನುಭೋಗರ ಖಿರ್ದಿಯಲ್ಲಿ ಜಮೆಯೂ ಖರ್ಚೂ ಶಿಲ್ಕೂ ಹೊಂದಬೇಕಾದಂತೆ ಪ್ರಕೃತಿಯ ಲೆಕ್ಕವೂ ಹೊಂದಲೇಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಲೆಕ್ಕಗಳು ಎರಡಾಗಿದ್ದವು. ಶಕ್ತಿಯದೊಂದು; ದ್ರವ್ಯದ್ದೊಂದು. ರಾಸಾಯನಿಕ ಕ್ರಿಯೆಗಳಲ್ಲಿ ದ್ರವ್ಯದ ಮೊತ್ತವು ಬದಲಾಗದೆಂಬ ನಿಯಮವನ್ನು ಫ್ರಾನ್ಸಿನ ಲವಾಸಿಯೇ ೧೭೮೯ರ ತನ್ನ ಗ್ರಂಥದಲ್ಲಿಯೇ ಪ್ರತಿಪಾದಿಸಿದ್ದನು. ಬೆಳಕು ಶಕ್ತಿಯ ಲೆಕ್ಕಕ್ಕೆ ಸೇರಿದುದು, ಕಬ್ಬಿಣ ಸೀಸಗಳು ದ್ರವ್ಯದ ಲೆಕ್ಕಕ್ಕೆ ಸೇರಿದುವು. ಒಂದರಿಂದ ಇನ್ನೊಂದಕ್ಕೆ ಹಣ ದಾಟುವ ಮಾರ್ಗವಿರಲಿಲ್ಲ. ೧೯೦೫ರಲ್ಲಿ ಐನ್‌ಸ್ಟೈನನು ಈ ಎರಡು ಖಾತೆಗಳನ್ನು ಒಂದಾಗಿ ಸೇರಿಸಿದನು. ವಸ್ತುವೊಂದು ಬೆಳಕನ್ನು ಹೊರಸೂಸಿದರೆ ಅದರ ದ್ರವ್ಯರಾಶಿಯೂ ಅಷ್ಟರಮಟ್ಟಿಗೆ ಕಡಮೆಯಾಗಬೇಕು. ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಅದರಲ್ಲಿ ಅಡಗಿರುವ ಶಕ್ತಿಯು ದೊರೆಯುವುದು. ಬೆಳಕಿನ ವೇಗವು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು. ಆದಕಾರಣ ವಿನಿಮಯದ ದರವು ಬಹಳ ದುಬಾರಿ. ಒಂದು ಗ್ರಾಂ ದ್ರವ್ಯದ ಬೆಲೆಯು ಸುಮಾರು ಎರಡೂವರೆ ಕೋಟಿ ಯೂನಿಟ್ ವಿದ್ಯುಚ್ಛಕ್ತಿ. ಸೂತ್ರವು ಎರಡು ಕಡೆಗೂ ಸಮವಾದುದರಿಂದ, ಶಕ್ತಿಯನ್ನು ತೆತ್ತು ದ್ರವ್ಯವನ್ನು ಕೊಳ್ಳಲೂ ಸಾಧ್ಯವಿರಬೇಕು. ಆದರೆ ಅಂಥ ವ್ಯಾಪಾರವನ್ನು ಆಗ ಯಾರೂ ಕಂಡಿರಲಿಲ್ಲ.

ಈ ನಡುವೆ ನಿಯಮದ ಬುಡವೇ ಅಲುಗಾಡತೊಡಗಿತು. ಬೆಳಕು ಕಣಕಣವಾಗಿ ಬಂದು ಎಲೆಕ್ಟ್ರಾನುಗಳಿಗೆ ತಾಗಿ ಚದುರುವುದೆಂದು ಅಮೆರಿಕದ ಕಾಂಪ್ಟನ್ನನು ೧೯೨೩ರಲ್ಲಿ ತೋರಿಸಿದನು. ಬೆಳಕಿನ ಕಣಗಳನ್ನು ಒಪ್ಪಲಾರದೆ ಡೆನ್ಮಾರ್ಕಿನ ನೀಲ್ಸ್ ಬೋರನು, ಕ್ರಾಮರ್ಸ್ ಮತ್ತು ಸ್ಲೇಟರ್ ಎಂಬ ಇಬ್ಬರೊಡನೆ ೧೯೨೪ರಲ್ಲಿ ಹೊಸ ವಾದವೊಂದನ್ನು ಹೂಡಿದನು. ಶಕ್ತಿಸಂರಕ್ಷಣವು ಸರಾಸರಿಯಲ್ಲಿ ಮಾತ್ರ ಸತ್ಯ, ಒಂದೊಂದು ಪರಮಾಣುವಿನ ವ್ಯವಹಾರದಲ್ಲಿ ಅದು ತಪ್ಪಬಹುದು ಎಂಬುದು ಆ ವಾದದ ತಿರುಳು. ಬರ್ಲಿನ್ನಿನಲ್ಲಿ ಬೋಥೆ, ಗೈಗರ್ ಎಂಬವರು ಎರಡು ಎಣಿಕೆಯ ಯಂತ್ರಗಳನ್ನು ಎದುರುಬದುರಾಗಿಟ್ಟು ೧೯೨೫ರಲ್ಲಿ ಪರೀಕ್ಷಿಸಿದರು. ಚದುರಿದ ಬೆಳಕು ಒಂದು ಕಡೆ, ಒದೆಸಿಕೊಂಡ ಎಲೆಕ್ಟ್ರಾನು ಮತ್ತೊಂದು ಕಡೆ, ಎರಡೂ ಒಡನೊಡನೆ ಬರುವುದು ಕಂಡಿತು. ಲೆಕ್ಕವು ಒಂದೊಂದು ಘಟನೆಯಲ್ಲಿಯೂ ಹೊಂದಿತು. ಬೋರನು ವಾದವನ್ನು ಹಿಂದಕ್ಕೆ ತೆಗೆದುಕೊಂಡನು.

ಎರಡನೆಯ ಸಂಶಯವು ಇದಕ್ಕಿಂತ ಗಹನವಾದುದು. ಕೆಲವು ವಿಕಿರಣ ವಸ್ತುಗಳ ಪರಮಾಣುಬೀಜಗಳು ಎಲೆಕ್ಟ್ರಾನನ್ನು ಹೊರಕ್ಕೆ ಎಸೆಯುತ್ತವೆ. ಬೀಜವು ಮೊದಲು ಇದ್ದ ಸ್ಥಿತಿಯೂ ಆಮೇಲೆ ಬರುವ ಸ್ಥಿತಿಯೂ ನಿಯತವಾಗಿರುವಾಗ ಎಲ್ಲ ಎಲೆಕ್ಟ್ರಾನುಗಳೂ ಒಂದೇ ಶಕ್ತಿಯಿಂದ ಹೊರಡಬೇಕು. ಆದರೆ ಅವು ಹೆಚ್ಚು ಕಡಮೆ ಎಲ್ಲ ಶಕ್ತಿಗಳಲ್ಲಿಯೂ ಬರುವುವೆಂದು ಚಾಡ್ವಿಕ್ಕನು ೧೯೧೪ರಲ್ಲಿ ಬರ್ಲಿನ್ನಿನಲ್ಲಿ ಕಂಡನು. ಕಳೆದುಹೋದ ಶಕ್ತಿಯು ಉಷ್ಣವಾಗಿ ಅಲ್ಲಿಯೇ ಉಳಿದಿರಬಹುದೆಂದು ಕೇಂಬ್ರಿಜ್ಜಿನ ಎಲ್ಲಿಸ್, ವೂಸ್ಟರ್ ಎಂಬವರು ರೇಡಿಯಂ-ಇ ಎಂಬ ವಸ್ತುವನ್ನು ಉಷ್ಣಮಾಪಕದೊಳಗಿಟ್ಟು ೧೯೨೭ರಲ್ಲಿ ಅಳೆದರು. ಬೀಜವೊಂದಕ್ಕೆ ಹತ್ತು ಲಕ್ಷಕ್ಕೆ ಮೀರಿದ ಎಲೆಕ್ಟ್ರಾನುವೋಲ್ಟು ದೊರೆಯಬೇಕಾದಲ್ಲಿ ಸುಮಾರು ಮೂರೂವರೆ ಲಕ್ಷ ಮಾತ್ರ ದೊರೆಯಿತು. ಉಳಿದುದು ಎಲ್ಲಿ ಹೋಯಿತು? ಪರಮಾಣುಬೀಜದೊಳಗೆ ಶಕ್ತಿಸಂರಕ್ಷಣ ನಿಯಮವು ನಡೆಯದೆಂದು ಹೇಳಲು ಬೋರನು ಮತ್ತೆ ಸಿದ್ಧನಾದನು. ಇದಕ್ಕೆ ಒಪ್ಪದವನು ಪೌಲಿ. ೧೯೩೦ನೆಯ ಡಿಸೆಂಬರ್ ೪ರಂದು ಅವನು ಜ್ಯೂರಿಕ್ಕಿನಿಂದ ಟ್ಯೂಬಿಂಗೆನ್ನಿನ ವಿದ್ವತ್ಸಭೆಗೆ ಒಂದು ಪತ್ರವನ್ನು ಬರೆದು, ಎಲೆಕ್ಟ್ರಾನಿನ ಜೊತೆಗೆ ವಿದ್ಯುದಂಶವಿಲ್ಲದ, ಕಣ್ಣಿಗೂ ಯಂತ್ರಕ್ಕೂ ಬೀಳದ ಇನ್ನೊಂದು ಕಣವು ಆ ಶಕ್ತಿಯನ್ನು ಹೊತ್ತುಕೊಂಡು ಹೋಗುತ್ತಿರಬಹುದೆಂದು ಸೂಚಿಸಿದನು. ಊರಿನಲ್ಲಿ ನೃತ್ಯಗೋಷ್ಠಿಯೊಂದಿದ್ದುದರಿಂದ ತಾನು ಸಭೆಗೆ ಬರಲಾಗದೆಂದೂ ಅದರಲ್ಲಿಯೇ ತಿಳಿಸಿದ್ದನು. ಒಬ್ಬನು ನಿಯಮವನ್ನು ಬಿಡಲು ಸಿದ್ಧ, ಇನ್ನೊಬ್ಬನು ಕಾಣದ ಕಣವನ್ನು ಕಲ್ಪಿಸಲು ಸಿದ್ಧ. ಯಾರ ಪಕ್ಷಕ್ಕೂ ಪ್ರತ್ಯಕ್ಷ ಪ್ರಮಾಣವಿರಲಿಲ್ಲ.

ನಿಯಮವು ಹೀಗೆ ತೂಗುಯ್ಯಾಲೆಯಲ್ಲಿದ್ದ ಕಾಲದಲ್ಲಿಯೇ ಬೆಳಕು ದ್ರವ್ಯವಾಗುವುದು ಕಂಡುಬಂದಿತು. ಇದಕ್ಕೆ ಮೊದಲ ಸುಳಿವನ್ನು ಕೊಟ್ಟವನು ಅಮೆರಿಕದ ಪ್ಯಾಸಡೀನಾದಲ್ಲಿ ವ್ಯಾಸಂಗಮಾಡುತ್ತಿದ್ದ ಚಾವ್ ಎಂಬ ಚೀನೀ ವಿದ್ಯಾರ್ಥಿ. ಥೋರಿಯಂ ವರ್ಗದ ವಸ್ತುವಿನಿಂದ ಹೊರಡುವ ಸುಮಾರು ೨೬ ಲಕ್ಷ ಎಲೆಕ್ಟ್ರಾನುವೋಲ್ಟಿನ ಗಾಮಾ ಕಿರಣಗಳನ್ನು ಸೀಸವು ಗಣಿತವು ಹೇಳುವುದಕ್ಕಿಂತ ಹೆಚ್ಚಾಗಿ ಹೀರುವುದೆಂದೂ, ಹೀರಿದ ಮೇಲೆ ಸುಮಾರು ಐದು ಲಕ್ಷ ಎಲೆಕ್ಟ್ರಾನುವೋಲ್ಟಿನ ಬೇರೊಂದು ಕಿರಣವು ಸೀಸದಿಂದ ಹೊರಡುವುದೆಂದೂ ಅವನು ೧೯೩೦ರಲ್ಲಿ ಪ್ರಕಟಿಸಿದನು. ಗಾಮಾ ಕಿರಣವೂ ಬೆಳಕಿನ ಜಾತಿಯದೇ. ಕಣವೊಂದಕ್ಕೆ ಶಕ್ತಿ ಮಾತ್ರ ಹೆಚ್ಚು. ಹೀರಲ್ಪಟ್ಟ ಬೆಳಕು ಏನಾಯಿತು, ಹೊರಟ ಕಿರಣವು ಏನು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಇತ್ತ ಕೇಂಬ್ರಿಜ್ಜಿನಲ್ಲಿ ಡಿರಾಕನು ೧೯೨೮ರಲ್ಲಿ ಎಲೆಕ್ಟ್ರಾನಿನ ಸಮೀಕರಣವೊಂದನ್ನು ಬರೆದಿದ್ದನು. ಅದು ಬೇಡದ ಅತಿಥಿಯೊಂದನ್ನು ಸಂಗಡ ತಂದಿತು. ಎಲೆಕ್ಟ್ರಾನಿನಷ್ಟೇ ತೂಕವುಳ್ಳ, ವಿರುದ್ಧ ವಿದ್ಯುದಂಶದ ಕಣವೊಂದು ಇರಬೇಕೆಂದು ೧೯೩೧ರಲ್ಲಿ ಡಿರಾಕನು ಒಪ್ಪಿ ಬರೆದನು. ಮಾರನೆಯ ವರ್ಷ ಆಗಸ್ಟ್ ೨ರಂದು ಪ್ಯಾಸಡೀನಾದ ಕಾರ್ಲ್ ಆಂಡರ್‌ಸನ್ನನು ಆಕಾಶದಿಂದ ಬೀಳುವ ವಿಶ್ವಕಿರಣಗಳ ಜಾಡನ್ನು ಮೇಘಕೋಷ್ಠದಲ್ಲಿ ಛಾಯಾಚಿತ್ರ ತೆಗೆಯುತ್ತಿರಲು ಅಂಥ ಕಣದ ಗೆರೆಯೊಂದು ಸಿಕ್ಕಿತು. ಕೋಷ್ಠದ ನಡುವೆ ಆರು ಮಿಲಿಮೀಟರು ದಪ್ಪದ ಸೀಸದ ಹಲಗೆಯನ್ನು ಅವನು ಅಡ್ಡಲಾಗಿ ಇಟ್ಟಿದ್ದನು. ಹಲಗೆಯನ್ನು ದಾಟಿದ ಕಣವು ಶಕ್ತಿಯನ್ನು ಕಳೆದುಕೊಂಡು ಅಯಸ್ಕಾಂತದ ಬಲಕ್ಕೆ ಹೆಚ್ಚು ಬಾಗಬೇಕಾದುದರಿಂದ ಅದು ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂಬುದು ನಿರ್ವಿವಾದವಾಯಿತು. ಹೋದ ದಿಕ್ಕು ತಿಳಿದ ಮೇಲೆ, ಬಾಗಿದ ರೀತಿಯಿಂದ ಅದರ ವಿದ್ಯುದಂಶವು ಧನವೆಂದು ತಿಳಿಯಿತು. ಇದಕ್ಕೆ ಪಾಸಿಟ್ರಾನೆಂದು ಹೆಸರಾಯಿತು.

ಪಾಸಿಟ್ರಾನು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ೧೯೩೩ರಲ್ಲಿ ಉತ್ತರವಿತ್ತವರು ಕೇಂಬ್ರಿಜ್ಜಿನ ಬ್ಲ್ಯಾಕೆಟ್ಟನೂ ಇಟಲಿಯಿಂದ ಬಂದಿದ್ದ ಒಕ್ಕಿಯಾಲೀನಿಯೂ. ಅವರು ಮೇಘಕೋಷ್ಠದ ಮೇಲೊಂದು ಕೆಳಗೊಂದು ಎಣಿಕೆಯ ಯಂತ್ರವನ್ನಿಟ್ಟು, ಎರಡನ್ನೂ ದಾಟಿದ ಕಣವು ತನ್ನ ಚಿತ್ರವನ್ನು ತಾನೇ ತೆಗೆಸಿಕೊಳ್ಳುವಂತೆ ಮಾಡಿದರು. ಒಂದೇ ಬಿಂದುವಿನಿಂದ ಹೊರಟ ಎರಡು ಗೆರೆಗಳು, ಅಯಸ್ಕಾಂತದ ಪ್ರಭಾವದಿಂದ ಒಂದು ಎಡಕ್ಕೂ ಒಂದು ಬಲಕ್ಕೂ ಬಾಗಿದುವು, ಚಿತ್ರಗಳಲ್ಲಿ ಕಂಡವು. ಬಿಂದುವಿಗೆ ಬರುವ ಗೆರೆಯಾವುದೂ ಇರಲಿಲ್ಲ, ಏಕೆಂದರೆ ಬೆಳಕು ಮೇಘಕೋಷ್ಠದಲ್ಲಿ ಗೆರೆಯನ್ನು ಬಿಡುವುದಿಲ್ಲ. ಬೆಳಕಿನ ಕಣವು ಅಲ್ಲಿ ಅಳಿದು ಎಲೆಕ್ಟ್ರಾನೂ ಪಾಸಿಟ್ರಾನೂ ಅವಳಿಯಾಗಿ ಜನಿಸಿದ್ದವು.

ಈ ಜನನದ ಜಮಾಖರ್ಚನ್ನು ವಾಚಕರು ಸ್ವಲ್ಪ ಸಾವಧಾನವಾಗಿ ನೋಡಬೇಕು. ನಿಶ್ಚಲವಾದ ಎಲೆಕ್ಟ್ರಾನೊಂದರ ಬೆಲೆ ೫,೧೧,೦೦೦ ಎಲೆಕ್ಟ್ರಾನುವೋಲ್ಟು, ಪಾಸಿಟ್ರಾನಿನದೂ ಅಷ್ಟೇ. ವಿದ್ಯುದಂಶದ ಲೆಕ್ಕವೂ ಹೊಂದಬೇಕಾದುದರಿಂದ ಒಂದನ್ನೇ ಕೊಳ್ಳುವಂತಿಲ್ಲ, ಜೋಡಿಯನ್ನೇ ಕೊಳ್ಳಬೇಕು. ಆದಕಾರಣ ೧೦,೨೨,೦೦೦ಕ್ಕಿಂತ ಕಡಮೆ ಶಕ್ತಿಯುಳ್ಳ ಬೆಳಕಿನ ಕಣವು ಏನುಮಾಡಿದರೂ ಜೋಡಿಯನ್ನು ಹುಟ್ಟಿಸಲಾರದು. ಹಸುರು ಬೆಳಕಿನ ಕಣವೊಂದರ ಶಕ್ತಿಯು ಸುಮಾರು ಎರಡೂಕಾಲು ಎಲೆಕ್ಟ್ರಾನುವೋಲ್ಟು ಮಾತ್ರ. ಅಂಥ ನಾಲ್ಕು ಲಕ್ಷಕ್ಕೂ ಹೆಚ್ಚು ಕಣಗಳ ಶಕ್ತಿಯು ಒಂದು ಜೋಡಿಯ ಬೆಲೆ. ಮನೆಯ ದೀಪದ ಬೆಳಕು ಗೋಡೆಯನ್ನು ಬೆಚ್ಚಗೆ ಮಾಡುವುದೇ ಹೊರತು ದ್ರವ್ಯವನ್ನು ಹುಟ್ಟಿಸದಿರುವುದು ಇದರಿಂದಲೇ. ಥೋರಿಯಂ ವರ್ಗದ ೨೬ ಲಕ್ಷದ ಕಿರಣದಲ್ಲಿ ಸುಮಾರು ೧೦ ಲಕ್ಷವು ಜೋಡಿಯ ಬೆಲೆಗೆ ಹೋಗಿ, ಉಳಿದ ೧೬ ಲಕ್ಷವು ಅವೆರಡರ ಚಲನೆಯಾಗಿ ಹಂಚಿಹೋಗಬೇಕು. ಅಳತೆಯಲ್ಲಿಯೂ ಪಾಸಿಟ್ರಾನುಗಳ ಚಲನಶಕ್ತಿಯು ಈ ಮಿತಿಯೊಳಗೇ ನಿಂತಿತು.

ಇನ್ನೊಂದು ಕಟ್ಟುಪಾಡೂ ಉಂಟು. ಶೂನ್ಯಪ್ರದೇಶದಲ್ಲಿ ಹೋಗುವ ಒಂಟಿ ಬೆಳಕಿನ ಕಣವು, ಎಷ್ಟೇ ಶಕ್ತಿಯಿದ್ದರೂ, ತಾನಾಗಿ ಜೋಡಿಯಾಗಲಾರದು. ಶಕ್ತಿಯಂತೆ ಸಂವೇಗವೂ ಸಂರಕ್ಷಿತವಾದುದು. ಹುಟ್ಟಿದ ಜೋಡಿಯ ಮಧ್ಯಬಿಂದುವಿನ ಜೊತೆಯಲ್ಲಿಯೇ ಚಲಿಸುವವನೊಬ್ಬನಿದ್ದರೆ ಅವನಿಗೆ ಜೋಡಿಯ ಒಟ್ಟು ಸಂವೇಗವು ಸೊನ್ನೆಯಾಗಿ ಕಾಣುವುದು. ಬೆಳಕಿನ ಸಂವೇಗವಾದರೋ ಎಷ್ಟು ವೇಗದಿಂದ ಚಲಿಸುವವನಿಗೂ ಸೊನ್ನೆಯಾಗದು. ಈ ಎರಡು ಲೆಕ್ಕಗಳು ಏಕಕಾಲದಲ್ಲಿ ಹೊಂದಬೇಕಾದರೆ ಹೆಚ್ಚಿನ ಸಂವೇಗವನ್ನು ಪಡೆದುಕೊಳ್ಳುವ ಮೂರನೆಯವನೊಬ್ಬನು ಬೇಕು. ಸೀಸದ ಭಾರವಾದ ಪರಮಾಣುಬೀಜವು ಆ ಕೆಲಸವನ್ನು ಮಾಡುವುದು. ಜೋಡಿಯ ಪಾಸಿಟ್ರಾನು ಬಹುಕಾಲ ಬಾಳುವುದಿಲ್ಲ. ಎಲೆಕ್ಟ್ರಾನೊಂದನ್ನು ಸಂಧಿಸಿ, ಎರಡೂ ಅಳಿದು, ಸಾಮಾನ್ಯವಾಗಿ ತಲಾ ೫,೧೧,೦೦೦ ಎಲೆಕ್ಟ್ರಾನುವೋಲ್ಟಿನ ಎರಡು ಬೆಳಕಿನ ಕಣಗಳಾಗುತ್ತವೆ. ಚಾವ್ ಕಂಡಿದ್ದ ಐದು ಲಕ್ಷದ ಕಿರಣವು ಇದೇ. ಬೆಳಕು ದ್ರವ್ಯವಾಗಿ, ದ್ರವ್ಯವು ಮರಳಿ ಬೆಳಕಾದ ಲೆಕ್ಕದ ಎರಡು ತುದಿಗಳೂ ಆ ವಿದ್ಯಾರ್ಥಿಯ ಒಂದೇ ಪ್ರಯೋಗದಲ್ಲಿ ಬರೆದಿದ್ದವು.

ಇಷ್ಟಾದರೂ ಸಂಶಯವು ಪೂರ್ತಿಯಾಗಿ ಅಡಗಲಿಲ್ಲ. ೧೯೩೬ರಲ್ಲಿ ಅಮೆರಿಕದ ಶಾಂಕ್ಲೆಂಡನು ಬೆಳಕು ಚದುರುವಾಗ ಲೆಕ್ಕವು ಹೊಂದದೆಂದು ಪ್ರಯೋಗವೊಂದರಿಂದ ಸಾರಿದನು. ಆಶ್ಚರ್ಯವೆಂದರೆ ಈ ಸಲ ನಿಯಮವನ್ನು ಬಿಡಲು ಮುಂದೆ ಬಂದವನು ಡಿರಾಕನೇ. ಅದನ್ನು ಎತ್ತಿಹಿಡಿದವನು ಹಿಂದೆ ಎರಡು ಸಲ ಅದನ್ನು ಸಂಶಯಿಸಿದ್ದ ಬೋರನು. ಇತರರು ಪ್ರಯೋಗವನ್ನು ಮತ್ತೆ ಮಾಡಿನೋಡಲು ಶಾಂಕ್ಲೆಂಡನ ಫಲವು ನಿಲ್ಲಲಿಲ್ಲ. ದೊಡ್ಡವರ ಹೆಸರು ಈ ಕಡೆಗೋ ಆ ಕಡೆಗೋ ಸೇರಿದುದರಿಂದ ಪ್ರಶ್ನೆಯು ಇತ್ಯರ್ಥವಾಗಲಿಲ್ಲ, ಇತ್ಯರ್ಥಮಾಡಿದುದು ಅಳತೆ.

ಪೌಲಿಯ ಕಾಣದ ಕಣವೂ ಕಡೆಗೆ ಕೈಗೆ ಸಿಕ್ಕಿತು. ಇಟಲಿಯ ಫರ್ಮಿಯು ಅದನ್ನು ನ್ಯೂಟ್ರಿನೋ ಎಂಬ ಹೆಸರಿನಿಂದ ತನ್ನ ಸಿದ್ಧಾಂತದಲ್ಲಿ ಸೇರಿಸಿಕೊಂಡನು. ೧೯೫೬ರಲ್ಲಿ ಅಮೆರಿಕದ ರೈನಸ್, ಕೊವನ್ ಎಂಬವರು ಪರಮಾಣುಸ್ಥಾವರವೊಂದರ ಬಳಿ ಅದರ ಗುರುತನ್ನು ಹಿಡಿದು ಪೌಲಿಗೆ ತಂತಿಯನ್ನು ಕಳುಹಿಸಿದರು. ಈ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲುಂಟು. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿಯುವಾಗ ಹುಟ್ಟುವ ನ್ಯೂಟ್ರಿನೋಗಳು ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗಿಂತ ಆಳದಲ್ಲಿ, ೧೯೬೫ರಲ್ಲಿ ಪತ್ತೆಯಾದುವು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರೂ ಕೂಡಿ ಮಾಡಿದ ಕಾರ್ಯವಿದು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅವು ದೊರೆತುವು. ಉಳಿದ ಕಣಗಳನ್ನೆಲ್ಲ ಮೇಲಿನ ಬಂಡೆಯು ತಡೆದುಬಿಡುವುದರಿಂದ ಆ ಆಳದಲ್ಲಿ ನ್ಯೂಟ್ರಿನೋವಿನ ಗುರುತನ್ನು ಬೇರ್ಪಡಿಸಲು ಸಾಧ್ಯವಾಯಿತು. ಆ ಗಣಿಗಳು ೨೦೦೧ರಲ್ಲಿ ಮುಚ್ಚಿಹೋದವು.

ಬೆಳಕು ದ್ರವ್ಯವಾಗುವ ವ್ಯಾಪಾರವು ಆಕಾಶದಲ್ಲಿ ನಡೆಯುವ ಪರಿಯನ್ನು ಗಣಿತದಿಂದ ವಿಶದಪಡಿಸಿದವರಲ್ಲಿ ಹೋಮಿ ಭಾಭಾ ಅವರು ಮುಖ್ಯರು. ವೇಗವಾದ ಎಲೆಕ್ಟ್ರಾನು ಪರಮಾಣುಬೀಜದ ಸಮೀಪದಲ್ಲಿ ಗಾಮಾ ಬೆಳಕನ್ನು ಸೂಸುವುದು, ಆ ಬೆಳಕು ಜೋಡಿಯಾಗುವುದು, ಜೋಡಿಯ ಒಂದೊಂದು ಕಣವೂ ಮತ್ತೆ ಬೆಳಕನ್ನು ಸೂಸುವುದು. ಹೀಗೆ ಒಂದು ಕಣದಿಂದ ಸಾವಿರಾರು ಕಣಗಳ ಸುರಿಮಳೆಯಾಗುವುದೆಂದು ಅವರೂ ಹೈಟ್ಲರನೂ ೧೯೩೭ರಲ್ಲಿ ತೋರಿಸಿದರು. ಕಣಗಳ ಸಂಖ್ಯೆಯು ಬೆಳೆದಂತೆಲ್ಲ ಒಂದೊಂದರ ಶಕ್ತಿಯು ಕುಗ್ಗುತ್ತ ಹೋಗುವುದು. ತಾತನ ಆಸ್ತಿಯು ಮಕ್ಕಳು ಮೊಮ್ಮಕ್ಕಳಲ್ಲಿ ಪಾಲಾಗಿ ಕಡೆಗೆ ಒಬ್ಬೊಬ್ಬರಿಗೂ ಗೇಣು ನೆಲವೇ ಉಳಿದಂತೆ ಶಕ್ತಿಯೂ ಪಾಲಾಗಿ, ಹೊಸ ಜೋಡಿಯ ಬೆಲೆಯನ್ನು ತೆರಲಾರದಂತಾದಾಗ ಸುರಿಮಳೆಯು ನಿಲ್ಲುವುದು. ಯುದ್ಧದ ನಿಮಿತ್ತ ೧೯೩೯ರಲ್ಲಿ ಸ್ವದೇಶದಲ್ಲಿಯೇ ಉಳಿದ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಸಂಶೋಧನೆಯನ್ನು ನಡೆಸಿದರು. ಟಾಟಾ ಸಂಸ್ಥೆಯು ೧೯೪೫ರಲ್ಲಿ ಮೊದಲು ಆರಂಭವಾದುದೂ ಅಲ್ಲಿಯೇ. ಆಮೇಲೆ ಅದು ಬೊಂಬಾಯಿಗೆ ಹೋಯಿತು.

ಪರಮಾಣುಬೀಜದ ಸಹಾಯವಿಲ್ಲದೆ ಎರಡು ಬೆಳಕುಗಳೇ ಪರಸ್ಪರ ತಾಗಿ ಜೋಡಿಯನ್ನು ಹುಟ್ಟಿಸಬಹುದೆಂದು ಬ್ರೈಟ್, ವೀಲರ್ ಎಂಬವರು ೧೯೩೪ರಲ್ಲಿ ಲೆಕ್ಕಹಾಕಿದರು. ಇದನ್ನು ಪ್ರಯೋಗಶಾಲೆಯಲ್ಲಿ ಕಾಣುವ ಆಸೆಯನ್ನು ಅವರು ಇಟ್ಟುಕೊಂಡಿರಲಿಲ್ಲ. ೧೯೯೭ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ವೇಗೋತ್ಕರ್ಷ ಯಂತ್ರದಲ್ಲಿ, ಲೇಸರ್ ಬೆಳಕನ್ನು ಎಲೆಕ್ಟ್ರಾನುಗಳಿಗೆ ತಾಗಿಸಿ ಬಲಪಡಿಸಿ, ಹಾಗೆ ಬಲಗೊಂಡ ಬೆಳಕನ್ನು ಅದೇ ಲೇಸರಿನ ಅನೇಕ ಕಣಗಳಿಗೆ ಒಮ್ಮೆಲೆ ತಾಗಿಸಿದಾಗ ಸುಮಾರು ನೂರು ಪಾಸಿಟ್ರಾನುಗಳು ಎಣಿಕೆಗೆ ಸಿಕ್ಕಿದುವು. ೨೦೨೧ರಲ್ಲಿ ಬ್ರೂಕ್‌ಹೇವನ್ನಿನ ಪ್ರಯೋಗಶಾಲೆಯವರು ಇನ್ನೊಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ಚಿನ್ನದ ಪರಮಾಣುಬೀಜಗಳು ಒಂದನ್ನೊಂದು ತಾಗದೆ ಪಕ್ಕದಲ್ಲಿ ಹಾದುಹೋಗುವಾಗ, ಅವುಗಳ ಸುತ್ತಣ ಬೆಳಕುಗಳು ಸಂಘಟ್ಟಿಸಿ ಆರು ಸಾವಿರಕ್ಕೂ ಹೆಚ್ಚು ಜೋಡಿಗಳು ಹುಟ್ಟಿದ್ದವು. ಅಲ್ಲಿಯ ಬೆಳಕನ್ನು ದೀಪದ ಬೆಳಕಿನಂತೆ ನಿಜವಾದ ಬೆಳಕೆಂದು ಎಷ್ಟರಮಟ್ಟಿಗೆ ಕರೆಯಬಹುದೆಂಬ ಚರ್ಚೆಯುಂಟು. ಲೆಕ್ಕವು ಹೊಂದುವ ವಿಷಯದಲ್ಲಿ ಚರ್ಚೆಯಿಲ್ಲ.

ಹಾಗಾದರೆ ಈ ನಿಯಮಕ್ಕೆ ಎಲ್ಲೆಯೇ ಇಲ್ಲವೇ? ಉಂಟು, ಆ ಎಲ್ಲೆಯನ್ನು ಕಂಡುಹಿಡಿದವಳು ಎಮ್ಮಿ ನೋಯ್ಥರ್ ಎಂಬ ಜರ್ಮನ್ ಗಣಿತವಿದುಷಿ. ಪ್ರಕೃತಿಯ ನಿಯಮಗಳು ಇಂದಿನಂತೆಯೇ ನಾಳೆಯೂ ಇರುವುದರಿಂದಲೇ ಶಕ್ತಿಯು ಸಂರಕ್ಷಿತವಾಗಿರುವುದೆಂದು ಅವಳ ೧೯೧೮ರ ಪ್ರಮೇಯದಿಂದ ಸಿದ್ಧವಾಗುತ್ತದೆ. ಹಿಗ್ಗುತ್ತಿರುವ ವಿಶ್ವವನ್ನು ಇಡಿಯಾಗಿ ತೆಗೆದುಕೊಂಡರೆ ಅದು ನಿನ್ನೆಯಿದ್ದಂತೆ ಇಂದಿಲ್ಲ. ದೂರದ ನಕ್ಷತ್ರಸಮೂಹಗಳಿಂದ ಬರುವ ಬೆಳಕು ದಾರಿಯಲ್ಲಿಯೇ ಕೆಂಪಾಗಿ ಶಕ್ತಿಯನ್ನು ಕಳೆದುಕೊಳ್ಳುವುದು. ಸಮಗ್ರ ವಿಶ್ವಕ್ಕೆ ಒಂದೇ ಶಿಲ್ಕನ್ನು ಬರೆಯುವ ಸರ್ವಸಮ್ಮತವಾದ ಕ್ರಮವಿಲ್ಲ. ಆದರೆ ಮೇಘಕೋಷ್ಠದೊಳಗೆ, ಗಣಿಯೊಳಗೆ, ವೇಗೋತ್ಕರ್ಷ ಯಂತ್ರದೊಳಗೆ ವಿಶ್ವದ ಆ ಹಿಗ್ಗುವಿಕೆಯು ಗಣನೆಗೆ ಬರುವಂಥದಲ್ಲ. ಅಲ್ಲಿ ನಿಯಮವು ಒಂದೊಂದು ಕಣದ ವ್ಯವಹಾರದಲ್ಲಿಯೂ ನಿಂತಿದೆ.

ಈ ಚರಿತ್ರೆಯಿಂದ ತಿಳಿಯಬೇಕಾದುದು ಇಷ್ಟು. ಲೆಕ್ಕವು ಹೊಂದದೆಂದು ಕಂಡಾಗಲೆಲ್ಲ ಶಾಸ್ತ್ರಜ್ಞರ ಮುಂದೆ ಎರಡು ದಾರಿಗಳಿದ್ದವು: ಲೆಕ್ಕದ ಕ್ರಮವನ್ನೇ ಬಿಡುವುದು, ಅಥವಾ ಕಣ್ಣಿಗೆ ಬೀಳದ ಬಾಬ್ತನ್ನು ಹುಡುಕುವುದು. ಮೊದಲನೆಯ ದಾರಿಯನ್ನು ಸೂಚಿಸಿದವರು ಅಲ್ಪರಲ್ಲ, ಅವರ ಸಂಶಯವೂ ನಿಷ್ಫಲವಾಗಲಿಲ್ಲ. ಅವರು ಪ್ರಶ್ನಿಸಿದುದರಿಂದಲೇ ಬೋಥೆ ಗೈಗರರ ಪ್ರಯೋಗವೂ ಪೌಲಿಯ ಪತ್ರವೂ ಹುಟ್ಟಿದುವು. ಎರಡನೆಯ ದಾರಿಯನ್ನು ಹಿಡಿದು ನಿರೀಕ್ಷಿಸಿದವರಿಗೆ ಇಪ್ಪತ್ತಾರು ವರ್ಷಗಳ ಮೇಲೆ ನ್ಯೂಟ್ರಿನೋವು ದೊರೆಯಿತು. ಬೆಳಕು ದ್ರವ್ಯವಾಗುವುದು ಶೂನ್ಯದಿಂದ ವಸ್ತುವನ್ನು ತೆಗೆಯುವ ಇಂದ್ರಜಾಲವೆಂದು ಮೇಲುನೋಟಕ್ಕೆ ತೋರಬಹುದು; ಪರೀಕ್ಷಿಸಿದರೆ, ಬೆಲೆಯಲ್ಲಿ ಒಂದು ಕಾಸನ್ನೂ ಬಿಡದ, ಸಾಲವನ್ನೂ ಕೊಡದ ವ್ಯಾಪಾರವದು. ಜಾವಾದ ಸೆಕೆಯಲ್ಲಿ ನಾವಿಕರ ಕೆಂಪು ರಕ್ತವನ್ನು ಕಂಡು ಮೇಯರನು ಊಹಿಸಿದ ಮೂಲಧನವು ರೆಕ್ಕೆಚಕ್ರದ ನೀರಿನಲ್ಲಿ ಉಷ್ಣವಾಗಿಯೂ ಸೀಸದ ಹಲಗೆಯಲ್ಲಿ ಅವಳಿ ಕಣಗಳಾಗಿಯೂ ರೂಪವನ್ನು ಬದಲಿಸಿತು. ಅದರ ಮೊತ್ತವು ಮಾತ್ರ, ಅಳೆದವರ ಎಲ್ಲ ಲೆಕ್ಕಗಳಲ್ಲಿಯೂ, ಇದ್ದಷ್ಟೇ ಇದ್ದಿತು.